ಹಿತ್ತಿಲ ಕಾರು

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ, ತೆಂಗಿನ ಮರಗಳ ನೆರಳಿರುವ ಒಂದು ಹಿತ್ತಿಲಿನಲ್ಲಿ, ಹುಲ್ಲಿನ ಮೆದೆಗೂ ತಿಪ್ಪೆಗೂ ನಡುವೆ ಒಂದು ಅಂಬಾಸಿಡರ್ ಕಾರು ಬಹುಕಾಲ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಕುಳಿತಿತ್ತು ಎನ್ನುವುದೇ ಸರಿ. ನಾಲ್ಕು ಚಕ್ರಗಳೂ ಗಾಳಿ ಕಳೆದುಕೊಂಡು ಮಣ್ಣಿಗೆ ಅಂಟಿಕೊಂಡಿದ್ದವು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ಡಿಕ್ಕಿಯ ಮೇಲೆ ಬೇಸಗೆಯಲ್ಲಿ ಸಂಡಿಗೆ ಒಣಗುತ್ತಿತ್ತು. ಆ ಮನೆಗೆ ಹೊಸದಾಗಿ ಬಂದ ಸೊಸೆ ಅದನ್ನು ಕಾರೆಂದು ಬಗೆಯದೆ ಹಿತ್ತಿಲಿನ ಒಂದು ಜಗಲಿಯೆಂದೇ ಬಗೆದಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಕಾರು 1972ರದು. ಸಂಖ್ಯಾಫಲಕದಲ್ಲಿ ‘ಎಂ. ವೈ.’ ಎಂಬ ಅಕ್ಷರಗಳು ಇನ್ನೂ ಓದಲು ಬರುತ್ತಿದ್ದವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆದಕಾರಣ ಆ ಕಾರು ರಸ್ತೆಗಿಳಿದದ್ದು ಮೈಸೂರು ರಾಜ್ಯದ ಪ್ರಜೆಯಾಗಿ. ಮನೆಯ ಯಜಮಾನರಾದ ಗೌಡರ ತಂದೆ ಅದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಮದುವೆಯ ಹೆಣ್ಣು, ಹಾವು ಕಚ್ಚಿದವರು, ಕೋರ್ಟಿಗೆ ಹೋಗುವವರು, ದಿನ ತುಂಬಿದ ಬಸುರಿಯರು, ಎಲ್ಲರೂ ಅದರಲ್ಲಿ ಚನ್ನಪಟ್ಟಣದ ದಾರಿ ಹಿಡಿದವರೇ. ಅವಸರ ಬಿದ್ದಾಗ ಗೂಡಿನ ಮೂಟೆಗಳೂ ಅದರಲ್ಲಿಯೇ ರಾಮನಗರದ ರೇಷ್ಮೆ ಮಾರುಕಟ್ಟೆಗೆ ಹೋದದ್ದುಂಟು. ತಂದೆ ತೀರಿಕೊಂಡ ಮೇಲೆ ಕಾರನ್ನು ಹಿತ್ತಿಲಿಗೆ ತಳ್ಳಿ ನಿಲ್ಲಿಸಲಾಯಿತು. ‘ಬಿಡುವಾದಾಗ ನೋಡೋಣ’ ಎಂದುಕೊಂಡು ನಿಲ್ಲಿಸಿದ ವಸ್ತುಗಳಿಗೆ ಬಿಡುವೆಂಬುದು ಬರುವುದು ಅಪರೂಪ.

ಈ ಕಾರಿನ ವಂಶಾವಳಿ ಸ್ವಲ್ಪ ವಿಚಿತ್ರವಾದುದು. ಇಂಗ್ಲೆಂಡಿನ ಮಾರಿಸ್ ಕಂಪನಿಯ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯನ್ನು ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಪಡೆದು, ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯ ಭಾಗದಿಂದ ಅದನ್ನು ಅಂಬಾಸಿಡರ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ತವರಿನಲ್ಲಿ ಆ ಮಾದರಿ ಬೇಗನೆ ಮರೆಯಾಯಿತು. ಇಲ್ಲಿಯಾದರೋ ಮುಖದಲ್ಲಿ ಅಲ್ಪಸ್ವಲ್ಪ ಬದಲಾಗುತ್ತ 2014ರವರೆಗೂ ಹುಟ್ಟುತ್ತಲೇ ಇತ್ತು. ಮಂತ್ರಿಗಳೂ ಬಾಡಿಗೆಯ ಪ್ರಯಾಣಿಕರೂ ಒಂದೇ ಬಗೆಯ ಕಾರಿನಲ್ಲಿ ಓಡಾಡಿದ ಕಾಲ ಅದು.

ಗೌಡರ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದವನು. ಒಂದು ಭಾನುವಾರ ಬಂದು, “ಅಪ್ಪ, ಗುಜರಿಯವರಿಗೆ ಹೇಳಿದ್ದೀನಿ. ತೂಕದ ಮೇಲೆ ದುಡ್ಡು ಕೊಡ್ತಾರೆ. ಜಾಗವಾದರೂ ಖಾಲಿಯಾಗುತ್ತೆ” ಎಂದನು. ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಗೌಡರು ಉತ್ತರ ಕೊಡದೆ ಎದ್ದು ಹೋಗಿ, ಕಾರಿನ ಬಾಗಿಲ ಕೆಳಗಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಕ್ಕೆ ಹೋಯಿತು.

ಆ ತೂತು ಅವರಿಗೆ ನಾಚಿಕೆ ತರಿಸಿತು. ಏಕೆಂದರೆ ಅದಕ್ಕೆ ಅವರೇ ಕಾರಣರಾಗಿದ್ದರು. ಕೆಲವು ವರ್ಷಗಳ ಹಿಂದೆ ಮನೆಯ ಮದುವೆಯೊಂದಕ್ಕೆ ಹಿತ್ತಿಲು ಚೆನ್ನಾಗಿ ಕಾಣಲೆಂದು ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿಸಿ, ಬಿಳಿಯ ಬಣ್ಣ ಹೊಡೆಸಿದ್ದರು. ಮದುವೆಗೆ ಬಂದವರೆಲ್ಲ ಹೊಗಳಿದರು. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಬೊಕ್ಕೆಯೆದ್ದು ಕಿತ್ತುಬಂದಿತು.

ಹೀಗೇಕೆ ಆಗುತ್ತದೆಂಬುದನ್ನು ಒಂಬತ್ತನೆಯ ತರಗತಿಯ ಮೊಮ್ಮಗಳು ತಾತನಿಗೆ ತಿಳಿಯಹೇಳಿದಳು. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ತುಕ್ಕಾಗುತ್ತದೆ. ಹೀಗಾದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದ್ದರಿಂದಲೇ ಅದು ತನ್ನ ಮೇಲಿನ ಬಣ್ಣವನ್ನು ಎತ್ತಿ ಹಾಕುತ್ತದೆ. ಅಲ್ಯೂಮಿನಿಯಂ ಮೇಲೆ ಕಟ್ಟುವ ಪೊರೆ ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸ್ಪಂಜಿನಂತೆ ತೇವವನ್ನು ಹೀರಿ ಒಳಗಿನ ಕಬ್ಬಿಣಕ್ಕೆ ಉಣಿಸುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಬಣ್ಣವೇ ಅದಕ್ಕೆ ಸೂರಾಗುತ್ತದೆ. ಗೌಡರು ಎಲ್ಲವನ್ನೂ ಕೇಳಿ, “ಹಾಗಾದರೆ ಗಟ್ಟಿ ಕಬ್ಬಿಣ ಸಿಗೋವರೆಗೂ ಕೆರೀಬೇಕು ಅಂತಾಯ್ತು” ಎಂದರು. ಗುಜರಿಯವರು ಆ ಭಾನುವಾರ ಬರಿಗೈಯಲ್ಲಿ ಹಿಂದಿರುಗಿದರು.

ಕಾರನ್ನು ಬಿಚ್ಚುವುದು ಸುಲಭ. ಬಿಚ್ಚಿದ್ದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಮೊದಲ ವಾರದಲ್ಲಿಯೇ ತಾತನೂ ಮೊಮ್ಮಗಳೂ ಇದನ್ನು ಕಲಿತರು. ಬಂಪರು, ದೀಪಗಳು, ಗಾಜುಗಳು, ಸೀಟುಗಳು ಒಂದೊಂದಾಗಿ ಹೊರಬಂದವು. ಹುಡುಗಿ ಪ್ರತಿಯೊಂದನ್ನೂ ಫೋನಿನಲ್ಲಿ ಚಿತ್ರ ಹಿಡಿದು, ಬೋಲ್ಟುಗಳನ್ನು ಔಷಧಿಯ ಖಾಲಿ ಡಬ್ಬಿಗಳಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿದಳು. ರೇಷ್ಮೆಹುಳು ಸಾಕುವ ಕೋಣೆಯ ಒಂದು ಮೂಲೆ ಡಬ್ಬಿಗಳಿಂದ ತುಂಬಿಹೋಯಿತು. ತುಕ್ಕಿನಿಂದ ಕಚ್ಚಿಕೊಂಡ ಬೋಲ್ಟುಗಳಿಗೆ ಡೀಸೆಲ್ ಬಿಟ್ಟು, ಒಂದು ರಾತ್ರಿ ಕಾದು, ಮರುದಿನ ಪಾನಾ ಹಾಕುತ್ತಿದ್ದರು. ಅವಸರಪಟ್ಟ ದಿನ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತಿತ್ತು.

ತುಕ್ಕು ತೆಗೆಯಲು ಗೌಡರು ಆರಿಸಿಕೊಂಡ ಉಪಾಯ ಅಕ್ಕಪಕ್ಕದವರನ್ನು ಬೆರಗುಗೊಳಿಸಿತು. ನೆರೆಯ ಮಂಡ್ಯದ ಸೀಮೆ ಕಬ್ಬಿನದು; ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಅಲ್ಲಿ ಬರವಿಲ್ಲ. ಒಂದು ಪಾಲು ಕಾಕಂಬಿಗೆ ಸುಮಾರು ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ ಕಬ್ಬಿಣದ ಭಾಗಗಳನ್ನು ಎರಡು ವಾರ ಮುಳುಗಿಸಿಟ್ಟರೆ ತುಕ್ಕು ಕರಗಿ, ಬೂದುಬಣ್ಣದ ಶುದ್ಧ ಲೋಹ ಉಳಿಯುತ್ತದೆ. ಸುತ್ತಿಗೆ ಬೇಡ, ಉರಿಯುವ ಆಮ್ಲವೂ ಬೇಡ. ಆದರೆ ಹುಳಿಹಿಡಿದ ಕಾಕಂಬಿಯ ವಾಸನೆಯನ್ನು ತಡೆದುಕೊಳ್ಳುವ ಶಕ್ತಿ ಮಾತ್ರ ಬೇಕು. ಮನೆಯ ಹಸುಗಳು ಹಗ್ಗ ಜಗ್ಗಿಕೊಂಡು ತೊಟ್ಟಿಯ ಕಡೆಗೆ ಬರತೊಡಗಿದವು. ಮನೆಯ ಮಂದಿ ದೂರ ಸರಿಯತೊಡಗಿದರು. ಒಮ್ಮೆ ಗೌಡರು ಯಾವುದೋ ಯೋಚನೆಯಲ್ಲಿ ಅಲ್ಯೂಮಿನಿಯಮ್ಮಿನ ಒಂದು ಮುಚ್ಚಳವನ್ನೂ ಅದರಲ್ಲಿ ಹಾಕಿಬಿಟ್ಟರು. ಕಾಕಂಬಿ ಅದನ್ನು ಗುರುತು ಸಿಗದಂತೆ ತಿಂದುಹಾಕಿತು. ಅದಕ್ಕೆ ಬದಲಿಯನ್ನು ಹುಡುಕುತ್ತ ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಒಂದು ದಿನವೆಲ್ಲ ಸುತ್ತಬೇಕಾಯಿತು.

ನಿಜವಾದ ತೊಡಕು ಬಂದದ್ದು ಹೊಸ್ತಿಲಿನಲ್ಲಿ. ಕಾರಿಗೂ ಹೊಸ್ತಿಲುಂಟು. ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಹಾಯುವ ತಗಡಿನ ಪೆಟ್ಟಿಗೆಯಂತಹ ಭಾಗ ಅದು. ಲಾರಿಗಳಲ್ಲಿ ಬಲವಾದ ಚಾಸಿ ಬೇರೆ, ಅದರ ಮೇಲೆ ಕೂರಿಸಿದ ಮೈ ಬೇರೆ. ಅಂಬಾಸಿಡರಿನಲ್ಲಿ ಹಾಗಲ್ಲ, ಅದರ ಮೈಯೇ ಬಹುಮಟ್ಟಿಗೆ ಅದರ ಎಲುಬು. ಹೊಸ್ತಿಲು, ನೆಲ, ಛಾವಣಿ, ಕಂಬಗಳು ಒಂದನ್ನೊಂದು ಹಿಡಿದುಕೊಂಡು ಭಾರ ಹೊರುತ್ತವೆ. ನೀರು ಸೇರುವುದೂ ಅದೇ ಹೊಸ್ತಿಲಿಗೆ. ಆದ್ದರಿಂದ ಅದನ್ನು ಕತ್ತರಿಸುವ ಮೊದಲು ಬಾಗಿಲಿನ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ಬೆಸೆದು, ಇಡೀ ಮೈಯನ್ನು ಸಮನಾಗಿ ಆತು ನಿಲ್ಲಿಸಿಕೊಳ್ಳಬೇಕು. ಗೌಡರಿಗೆ ಇದು ತಿಳಿಯದು. ಬೆಸುಗೆ ಹಾಕಲು ಬಂದ ಹುಡುಗನಿಗೂ ತಿಳಿಯದು. ಎಡಗಡೆಯ ಹೊಸ್ತಿಲನ್ನು ಕತ್ತರಿಸಿ ತೆಗೆದರು, ಹೊಸ ತಗಡನ್ನು ಬಗ್ಗಿಸಿ ಬೆಸೆದರು, ಉಜ್ಜಿದರು, ಕೆಂಪು ಆಕ್ಸೈಡ್ ಬಳಿದರು. ನೋಡಲು ಎಲ್ಲವೂ ಚೆಂದವಾಗಿತ್ತು.

ಆ ದಿನ ಸಂಜೆ ಎಡಗಡೆಯ ಹಿಂದಿನ ಬಾಗಿಲನ್ನು ಜೋಡಿಸಿ ಹಾಕಿದರು. ಜಗಲಿಯ ಮೇಲೆ ಗೌಡರ ತಾಯಿ ಕುಳಿತಿದ್ದರು. ತೊಂಬತ್ತು ದಾಟಿದ ಜೀವ. ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಗಂಡ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಬಾಡಿಗೆ ಮುಗಿಸಿ ಬಂದಾಗ, ಆ ಬಾಗಿಲ ಸದ್ದು ಕೇಳಿದ ಮೇಲೆಯೇ ಒಲೆ ಹೊತ್ತಿಸಿ ಸಾರು ಬಿಸಿಮಾಡುತ್ತಿದ್ದವರು ಅವರು. ಈಗ ತಲೆಯೆತ್ತಿ, “ಯಾರ ಕಾರಪ್ಪ ಬಂದದ್ದು?” ಎಂದು ಕೇಳಿದರು.

“ಯಾರದೂ ಅಲ್ಲ ಅವ್ವ. ನಮ್ಮದೇ.”

“ನಮ್ಮ ಕಾರಿನ ಸದ್ದಲ್ಲ ಕಣಪ್ಪ ಇದು” ಎಂದು ಆಕೆ ಮತ್ತೆ ಅಡಕೆ ಕುಟ್ಟತೊಡಗಿದರು.

ಗೌಡರು ಮತ್ತೊಮ್ಮೆ ಬಾಗಿಲು ಹಾಕಿ ನೋಡಿದರು. ಬಾಗಿಲು ಮೇಲ್ಮೂಲೆಯಲ್ಲಿ ಉಜ್ಜುತ್ತಿತ್ತು. ಕೆಳಗೆ ಒಂದು ಬೆರಳಿನಷ್ಟು ಸಂದು ಬಿಟ್ಟಿತ್ತು. ಆಸರೆಯಿಲ್ಲದೆ ಕತ್ತರಿಸಿದ್ದರಿಂದ ಕಾರಿನ ನಡು ಕುಸಿದಿತ್ತು. ಕುಸಿದ ಸ್ಥಿತಿಯಲ್ಲಿಯೇ ಬೆಸುಗೆ ಅದನ್ನು ಭದ್ರಪಡಿಸಿತ್ತು. ಕೀಲನ್ನು ಬಗ್ಗಿಸಿ ಹೇಗೋ ಸರಿಹೊಂದಿಸಬಹುದೆಂದು ಬೆಸುಗೆಯ ಹುಡುಗ ಹೇಳಿದನು. ಮಗನೂ ದೂರವಾಣಿಯಲ್ಲಿ ಅದನ್ನೇ ಹೇಳಿದನು. ಅಲ್ಲಿಯವರೆಗೆ ಆದ ಖರ್ಚು ಒಂದು ಬೆಳೆಯ ಗೂಡಿನ ಹಣವನ್ನು ಮೀರಿತ್ತು. ಮಾಡಿದ ಕೆಲಸ ಕೆಟ್ಟಿದೆಯೆಂದು ಒಪ್ಪಿಕೊಳ್ಳಲು ಹಣಕ್ಕಿಂತ ಹೆಚ್ಚಿನದೇನೋ ಬೇಕಾಗುತ್ತದೆ. ಎಂಟು ದಿನ ಗೌಡರು ಹಿತ್ತಿಲ ಕಡೆಗೇ ಹೋಗಲಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಅಗತ್ಯವಿಲ್ಲದ ಕೆಲಸಗಳನ್ನೆಲ್ಲ ಮಾಡಿದರು.

ಒಂಬತ್ತನೆಯ ದಿನ ಚನ್ನಪಟ್ಟಣದಿಂದ ಟಿಂಕರಿಂಗ್ ಕೆಲಸದ ಒಬ್ಬ ವೃದ್ಧರನ್ನು ಕರೆತಂದರು. ಆತ ಕಾರಿನ ಸುತ್ತ ಒಂದು ಸುತ್ತು ಬಂದು, ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆದು, “ಗೌಡ್ರೇ, ಹೊಸದನ್ನೂ ಕತ್ತರಿಸಬೇಕು. ಒಪ್ಪಿಗೆಯಿದ್ರೆ ನಾಳೆಯಿಂದ ಬರ್ತೀನಿ, ಇಲ್ಲದಿದ್ರೆ ಒಂದು ಟೀ ಕುಡಿದು ಹೋಗ್ತೀನಿ” ಎಂದರು. ಗೌಡರು ಟೀ ತರಿಸಿದರು. ಮರುದಿನ ಬರಲೂ ಹೇಳಿದರು. ಅಡ್ಡಪಟ್ಟಿಗಳು ಬಿದ್ದವು. ಜಾಕಿಯನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ, ದಾರವಿಟ್ಟು ನೋಡುತ್ತ, ಕುಸಿದ ನಡುವನ್ನು ಎರಡು ದಿನಗಳಲ್ಲಿ ಮೇಲಕ್ಕೆತ್ತಲಾಯಿತು. ಹೊಸ್ತಿಲನ್ನು ಎರಡನೆಯ ಬಾರಿ ಬೆಸೆಯುವ ಮೊದಲು ಆ ವೃದ್ಧರು ಬಾಗಿಲನ್ನು ಹತ್ತಾರು ಸಲ ಜೋಡಿಸಿದರು, ಬಿಚ್ಚಿದರು. ಬೆಸುಗೆಯ ಹುಡುಗ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದನು. ಬಲಗಡೆಯ ಹೊಸ್ತಿಲನ್ನು ಅವನ ಕೈಯಿಂದಲೇ ಮಾಡಿಸಿದರು.

ಅಳತೆಯಲ್ಲಿಯೂ ಆಕಾರದಲ್ಲಿಯೂ ಹಳೆಯದನ್ನೇ ಅನುಸರಿಸಲು ಇನ್ನೊಂದು ಕಾರಣವಿತ್ತು. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ಖಾಸಗಿ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಹಳೆಯ ವಾಹನವನ್ನು ಹೊಸದಾಗಿ ಈ ವರ್ಗಕ್ಕೆ ಸೇರಿಸಲು ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಸಂಖ್ಯಾಫಲಕದಲ್ಲಿ ‘ವಿ. ಎ.’ ಎಂಬ ಅಕ್ಷರಗಳು. ಅಂತಹ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ದಿನಬಳಕೆಗೂ ತರುವಂತಿಲ್ಲ. ಪ್ರದರ್ಶನಕ್ಕೆ, ಮೆರವಣಿಗೆಗೆ, ದುರಸ್ತಿಗೆ, ಇಂಧನ ತುಂಬಿಸಲು ಹೊರಡಬಹುದು. ಬಾಡಿಗೆಗೆಂದೇ ಬಾಳಿದ ಕಾರಿಗೆ ಬಾಡಿಗೆ ನಿಷಿದ್ಧವಾಗುವುದು ಒಂದು ಬಗೆಯ ನಿವೃತ್ತಿಯೇ ಸರಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿಯೂ ಇಂತಹ ನಿವೃತ್ತರು ಸಾಲಾಗಿ ಹೊಳೆಯುತ್ತ ನಿಂತಿರುವುದನ್ನು ಕಾಣಬಹುದು. ಹಿತ್ತಿಲಿನ ಕಾರಿಗೆ ಅಷ್ಟೊಂದು ಹೊಳಪು ಬರುವ ಆಸೆ ಯಾರಿಗೂ ಇರಲಿಲ್ಲ.

ಎಂಜಿನ್ನಿನ ಕೆಲಸ ಹೊಸ್ತಿಲಿನಷ್ಟು ಕಾಡಲಿಲ್ಲ. 1489 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಯಂತ್ರ ಅದು, ಕಚ್ಚಿಕೊಂಡು ಕಲ್ಲಿನಂತಾಗಿತ್ತು. ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕು ತೂತುಗಳಲ್ಲಿಯೂ ಎಣ್ಣೆ ಡೀಸೆಲ್‌ಗಳ ಮಿಶ್ರಣವನ್ನು ಹೊಯ್ದು, ದಿನಕ್ಕೊಮ್ಮೆ ಹ್ಯಾಂಡಲಿನಿಂದ ಮೆಲ್ಲಗೆ ಅಲುಗಿಸುತ್ತ ಬಂದರು. ಹನ್ನೊಂದನೆಯ ದಿನ ಅದು ನಿಟ್ಟುಸಿರಿನಂತಹ ಸದ್ದು ಮಾಡಿ ತಿರುಗಿತು. ಬ್ರೇಕುಗಳು ಸಿದ್ಧವಾಗುವವರೆಗೆ ಎಂಜಿನ್ ಚಾಲೂ ಮಾಡಬಾರದೆಂದು ಟಿಂಕರಿಂಗಿನ ವೃದ್ಧರು ಕಟ್ಟಪ್ಪಣೆ ಮಾಡಿದ್ದರು. ರಬ್ಬರಿನ ಭಾಗಗಳೆಲ್ಲ ಹೊಸದಾದವು. ಪೆಟ್ರೋಲ್ ಟ್ಯಾಂಕಿನಿಂದ ಅರಗಿನಂತೆ ಗಟ್ಟಿಯಾದ ಹಳೆಯ ಗಷ್ಟನ್ನು ತೊಳೆದು ತೆಗೆದರು. ಗೇರಿನ ಕಡ್ಡಿಯ ಗುಬಟು ಒಡೆದುಹೋಗಿತ್ತು. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ. ಬೊಂಬೆಗಳ ಊರಾದ ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಏರಿಸಿ, ಕಡು ಕೆಂಪಿನ ಒಂದು ಗುಬಟನ್ನು ಮಾಡಿಕೊಟ್ಟರು. ಮೂಲರೂಪದ ನಿಯಮ ಇಷ್ಟನ್ನು ಕ್ಷಮಿಸೀತೆಂದು ಮೊಮ್ಮಗಳ ವಾದ.

ಮೊದಲ ದಿನ ಚಾಲೂ ಮಾಡಿದಾಗ ಎಂಜಿನ್ ಫಿರಂಗಿಯಂತೆ ಸಿಡಿಯಿತು. ಕೋಳಿಗಳು ಮೆದೆಯ ಮೇಲೆ ಹಾರಿ ಕುಳಿತವು. ಪ್ಲಗ್ಗಿನ ತಂತಿಗಳನ್ನು ಹುಡುಗಿ ಒಂದು, ಎರಡು, ಮೂರು, ನಾಲ್ಕು ಎಂದು ಶಾಲೆಯ ಕ್ರಮದಲ್ಲಿ ಸಿಕ್ಕಿಸಿದ್ದಳು. ಆ ಯಂತ್ರಕ್ಕೆ ಕಿಡಿ ಬೇಕಾದದ್ದು ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ. ತಂತಿಗಳನ್ನು ಬದಲಿಸಿದ ಮೇಲೆ ಅದು ಒಮ್ಮೆ ಕೆಮ್ಮಿ, ನೀಲಿಯ ಹೊಗೆಯುಗುಳಿ, ಬಳಿಕ ಒಂದೇ ಸಮನೆ ನಡೆಯತೊಡಗಿತು. ಆ ಭಾನುವಾರ ಮಗನೂ ಬಂದಿದ್ದನು. ಅವನು ಏನೂ ಹೇಳದೆ ಒರೆಸುವ ಬಟ್ಟೆ ತೆಗೆದುಕೊಂಡು ಮುಂದಿನ ಗಾಜನ್ನು ಒರೆಸತೊಡಗಿದನು.

ಗೌಡರು ಕಾರನ್ನು ಹಿತ್ತಿಲಿನಿಂದ ಅಂಗಳಕ್ಕೆ, ಹತ್ತೇ ಮಾರು ದೂರ, ತಾವೇ ನಡೆಸಿಕೊಂಡು ಬಂದರು. ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಹಿಂದಿನ ಎಡಬಾಗಿಲನ್ನು ತೆರೆದು ತಾಯಿಯನ್ನು ಕೂರಿಸಲೆಂದು ಜಗಲಿಯತ್ತ ನೋಡಿದರು. ಆಕೆ ಕೈಯನ್ನು ಅಡ್ಡ ಆಡಿಸಿದರು. ಕಾರಿನಲ್ಲಿ ಕೂರುವ ಉಮೇದು ಅವರಿಗಿರಲಿಲ್ಲ. ಗೌಡರು ಬಾಗಿಲನ್ನು ಹಾಕಿದರು. ಉಜ್ಜಾಟವಿಲ್ಲದೆ, ತುಂಬಿದ ಪೆಟ್ಟಿಗೆಯ ಮುಚ್ಚಳದಂತೆ, ಅದು ಹೋಗಿ ಕೂತಿತು.

ಕುಟ್ಟಾಣಿಯ ಸದ್ದು ನಿಂತಿತು.

“ಇನ್ನೊಂದು ಸಲ ಹಾಕಪ್ಪ” ಎಂದರು ಮುದುಕಿ.