ನಾದದ ಕಣಜ

ಸಂಗೀತವೆಂದರೆ ಒಬ್ಬರು ಹಾಡುವುದು, ಇನ್ನೊಬ್ಬರು ನುಡಿಸುವುದು, ಉಳಿದವರು ಕುಳಿತು ಕೇಳುವುದು ಎಂಬುದು ನಮ್ಮ ತಲೆಮಾರಿನವರ ತಿಳಿವಳಿಕೆ. ಎಂದೋ ಯಾರೋ ಮುದ್ರಿಸಿಟ್ಟ ಸದ್ದಿನ ತುಣುಕುಗಳನ್ನು ಹೆಕ್ಕಿ, ಅವನ್ನು ತಾಳಕ್ಕೆ ಪೋಣಿಸಿ, ಹೊಸದೊಂದು ಸಂಗೀತವನ್ನು ಕಟ್ಟುವ ವಿದ್ಯೆಯು ನ್ಯೂಯಾರ್ಕಿನ ಬ್ರಾಂಕ್ಸ್‌ನಂತಹ ಬಡ ಕೇರಿಗಳಲ್ಲಿ ಬೆಳೆದು ಇಂದು ಜಗತ್ತನ್ನೆಲ್ಲ ವ್ಯಾಪಿಸಿದೆ. ಯುವಕರು ಇದನ್ನು ‘ಬೀಟ್’ ಕಟ್ಟುವುದು ಎನ್ನುತ್ತಾರೆ. ನಮ್ಮ ಮನೆಯ ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಎಷ್ಟೋ ಹಾಡುಗಳ ಅಡಿಯಲ್ಲಿ ಮಿಡಿಯುತ್ತಿರುವುದು ಇಂತಹ ತಾಳವೇ. ಹಿರಿಯರು ಗದ್ದಲವೆಂದು ಮೂಗು ಮುರಿಯುವುದುಂಟು. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾದ ನನಗೆ ಸಂಗೀತದ ಒಳಗುಟ್ಟು ತಿಳಿಯದು. ಯಂತ್ರದ ಒಳಗುಟ್ಟು ಅಷ್ಟಿಷ್ಟು ತಿಳಿಯುತ್ತದೆ. ಆ ದಾರಿಯಿಂದಲೇ ನಾನು ಈ ವಿದ್ಯೆಯ ಹತ್ತಿರ ಬಂದೆ.

ಸದ್ದನ್ನು ಹಿಡಿದಿಟ್ಟುಕೊಂಡು, ಗುಂಡಿ ಒತ್ತಿದಾಗ ಮರಳಿ ನುಡಿಸುವ ಯಂತ್ರಕ್ಕೆ ಸ್ಯಾಂಪ್ಲರ್ ಎಂದು ಹೆಸರು. ಅದು ಸದ್ದಿನ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆ ಅಳತೆಗಳನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಅಮೆರಿಕದ ಇ-ಮ್ಯು ಕಂಪನಿಯು 1987ರಲ್ಲಿ ಹೊರತಂದ ಎಸ್‌ಪಿ-1200 ಎಂಬ ಯಂತ್ರವು ಸೆಕೆಂಡಿಗೆ ಸುಮಾರು 26,000 ಸಲ ಅಳೆಯುತ್ತಿತ್ತು. ಅದರ ಒಟ್ಟು ಸಾಮರ್ಥ್ಯ ಕೇವಲ 10 ಸೆಕೆಂಡು! ಮರುವರ್ಷ, 1988ರಲ್ಲಿ, ರೋಜರ್ ಲಿನ್ ಎಂಬ ವಿನ್ಯಾಸಕಾರರು ಜಪಾನಿನ ಅಕಾಯ್ ಕಂಪನಿಗಾಗಿ ರೂಪಿಸಿದ ಎಂಪಿಸಿ-60 ಬಂದಿತು. ಹದಿನಾರು ರಬ್ಬರ್ ಗುಂಡಿಗಳನ್ನು ಬೆರಳಿನಿಂದ ಬಾರಿಸುವ ಯಂತ್ರವದು. ಹತ್ತು ಸೆಕೆಂಡಿನಲ್ಲಿ ಇಡೀ ಹಾಡನ್ನು ಕಟ್ಟಬೇಕಾದವರು ಒಂದು ಉಪಾಯ ಕಂಡುಕೊಂಡರು. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಗ್ರಾಮಫೋನ್ ತಟ್ಟೆಯನ್ನು 45ರ ವೇಗದಲ್ಲಿ ತಿರುಗಿಸಿ ಧ್ವನಿಯನ್ನು ಹಿಡಿಯುವುದು, ಆಮೇಲೆ ಯಂತ್ರದೊಳಗೆ ಅದನ್ನು ನಿಧಾನಗೊಳಿಸುವುದು. ಇದರಿಂದ ಜಾಗ ಉಳಿಯಿತು. ಜೊತೆಗೆ ಸದ್ದಿಗೊಂದು ಒರಟು ಮಣ್ಣಿನ ಗುಣವೂ ಬಂದಿತು. ಜಿಪುಣತನದಿಂದ ಹುಟ್ಟಿದ ಆ ಒರಟುತನವನ್ನೇ ಇಂದಿನವರು ಹಣ ಕೊಟ್ಟು ಅನುಕರಿಸುತ್ತಾರೆಂಬುದು ವಿನೋದದ ಸಂಗತಿ.

ನನ್ನ ಮಗ ಅಮೆರಿಕದ ಮಿಚಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಸಮೀಪ ನೆಲೆಸಿದ್ದಾನೆ. ಓದುತ್ತಿದ್ದ ಕಾಲದಲ್ಲಿ, 2001ರಲ್ಲಿ, ಅವನು ಎಂಪಿಸಿ-2000 ಎಕ್ಸ್‌ಎಲ್ ಎಂಬ ಯಂತ್ರವನ್ನು ಕೊಂಡಿದ್ದನು. ಊಟದ ಖರ್ಚಿನಲ್ಲಿ ಉಳಿಸಿದ ಹಣವೆಂದು ಆಗ ಅವನ ತಾಯಿಗೆ ಮಾತ್ರ ತಿಳಿದಿತ್ತು. ಡೆಟ್ರಾಯಿಟ್ಟಿನಲ್ಲಿ ಹುಟ್ಟಿ ಬೆಳೆದ ಜೆ ಡಿಲ್ಲಾ ಎಂಬ ಕಲಾವಿದನೆಂದರೆ ಅವನಿಗೆ ಪ್ರಾಣ. ಬಾರಿಸಿದ ಪೆಟ್ಟುಗಳನ್ನು ಗಡಿಯಾರದ ಲೆಕ್ಕಕ್ಕೆ ತಾನಾಗಿ ತಿದ್ದಿಕೊಡುವ ಅನುಕೂಲ ಈ ಯಂತ್ರಗಳಲ್ಲಿ ಇದ್ದರೂ, ಡಿಲ್ಲಾ ಅದನ್ನು ಬದಿಗಿಟ್ಟು, ಮನುಷ್ಯನ ಕೈಯ ಸಹಜವಾದ ತೊನೆದಾಟವನ್ನು ತಾಳದಲ್ಲಿ ಉಳಿಸಿದವನೆಂದು ಹೆಸರಾದನು. ಅವನು 2006ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ಬಳಸುತ್ತಿದ್ದ ಎಂಪಿಸಿ-3000 ಯಂತ್ರವನ್ನು ಅವನ ತಾಯಿ 2014ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಪ್ಪಿಸಿದರು. ಇಂದು ಅದು ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಸಂಗ್ರಹಾಲಯದ ಯಂತ್ರ ಮೌನವಾಗಿದ್ದರೂ ನಡೆದೀತು. ಮನೆಯ ಯಂತ್ರ ದುಡಿಯಬೇಕು.

ಕಳೆದ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋದಾಗ, ಹದಿನಾರು ವರ್ಷದ ಮೊಮ್ಮಗನು ನೆಲಮಾಳಿಗೆಯಿಂದ ಆ ಯಂತ್ರವನ್ನು ಹೊತ್ತು ತಂದಿದ್ದನು. ಜೊತೆಗೆ ಪಾದರಕ್ಷೆಯ ಡಬ್ಬಿಯಲ್ಲಿ ನಲವತ್ತೊಂದು ಫ್ಲಾಪಿಗಳು. ಯಂತ್ರಕ್ಕೆ ವಿದ್ಯುತ್ತು ಹರಿಯುತ್ತಿತ್ತು, ಪರದೆ ಬೆಳಗುತ್ತಿತ್ತು. ಆದರೆ ಫ್ಲಾಪಿಯನ್ನು ಓದುವ ಭಾಗವು ಕರಕರನೆ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಅಲ್ಲಿನ ದುರಸ್ತಿಯ ಅಂಗಡಿಯವನೊಬ್ಬನು, ಇದನ್ನು ಬಿಡಿಭಾಗಗಳಿಗಾಗಿ ಮಾರಿಬಿಡುವುದೇ ಲೇಸೆಂದು ಹೇಳಿ ಕಳುಹಿಸಿದ್ದನಂತೆ.

ಇಲ್ಲಿ ಓದುಗರು ಒಂದು ಭೇದವನ್ನು ಗಮನಿಸಬೇಕು. ನಮ್ಮ ಕಡೆಯ ಮನೆಗಳಲ್ಲಿ ಜೋಳ ತುಂಬಿಡಲು ಹಗೇವು ಅಥವಾ ಕಣಜವಿರುತ್ತಿತ್ತು. ಹಿಟ್ಟು ನಾದಲು ಕೊಣಮಿಗೆಯಿರುತ್ತಿತ್ತು. ಅಂದಂದಿನ ಅಡುಗೆಗೆ ಬೇಕಾದಷ್ಟು ಮಾತ್ರ ಕೊಣಮಿಗೆಗೆ ಬರುತ್ತದೆ. ಅಡುಗೆ ಮುಗಿದೊಡನೆ ಅದನ್ನು ತೊಳೆದಿಡುತ್ತಾರೆ. ಈ ಯಂತ್ರದಲ್ಲಿಯೂ ಎರಡು ಬಗೆಯ ನೆನಪುಗಳಿವೆ. ಕೆಲಸದ ನೆನಪು ಕೊಣಮಿಗೆಯಂತೆ: ವಿದ್ಯುತ್ತು ಹೋದ ಕ್ಷಣವೇ ಬರಿದು. ಕಾಯಂ ಸಂಗ್ರಹವೆಂಬುದು ಫ್ಲಾಪಿ. ಮಗನ ಯಂತ್ರದಲ್ಲಿ ಕೊಣಮಿಗೆಯ ಅಳತೆ 2 ಮೆಗಾಬೈಟ್, ಎಂದರೆ ಇಪ್ಪತ್ತು ಸೆಕೆಂಡಿಗಿಂತ ತುಸು ಹೆಚ್ಚು ಧ್ವನಿ. ಅದನ್ನು 32 ಮೆಗಾಬೈಟಿಗೆ, ಅಂದರೆ ಆರು ನಿಮಿಷದಷ್ಟಕ್ಕೆ ಹಿಗ್ಗಿಸಬಹುದು. ಒಂದು ಫ್ಲಾಪಿಯಲ್ಲಿ ಹಿಡಿಯುವುದು 1.44 ಮೆಗಾಬೈಟ್, ಹದಿನಾರು ಸೆಕೆಂಡಿನ ಆಸುಪಾಸು. ಕೊಣಮಿಗೆಯನ್ನು ಪೂರ್ತಿ ಹಿಗ್ಗಿಸಿ ಅದನ್ನು ತುಂಬಲು ಹೊರಟರೆ, ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಫ್ಲಾಪಿಗಳನ್ನು ಉಣಿಸುತ್ತ ಕೂರಬೇಕು.

ಮೊಮ್ಮಗನ ಬೇಡಿಕೆ ಸರಳವಾಗಿತ್ತು. “ಅಜ್ಜಾ, ಫ್ಲಾಪಿ ಕಿತ್ತು ಹಾಕಿ ಮೆಮೊರಿ ಕಾರ್ಡ್ ಕೂಡಿಸಿಬಿಡೋಣ” ಎಂದನು. ಯಂತ್ರದ ಬೆನ್ನಿಗೆ ಸ್ಕಸಿ ಎಂಬ ಇಪ್ಪತ್ತೈದು ಸೂಜಿಯ ಕೊಂಡಿಯೊಂದಿದೆ. ಹಿಂದೆ ಅದಕ್ಕೆ ಹಾರ್ಡ್ ಡಿಸ್ಕನ್ನೋ 100 ಮೆಗಾಬೈಟಿನ ಜಿಪ್ ಪೆಟ್ಟಿಗೆಯನ್ನೋ ಜೋಡಿಸುತ್ತಿದ್ದರು. ಈಗ ಅದೇ ಕೊಂಡಿಗೆ ಮೆಮೊರಿ ಕಾರ್ಡನ್ನು ಹಾರ್ಡ್ ಡಿಸ್ಕಿನಂತೆ ತೋರಿಸುವ ಚಿಕ್ಕ ಫಲಕಗಳು ಸಿಗುತ್ತವೆ. ಮಗನ ಅಭಿಪ್ರಾಯ ಬೇರೆ. ಫ್ಲಾಪಿಯ ಸ್ಥಳದಲ್ಲಿಯೇ ‘ಗೋಟೆಕ್’ ಎಂಬ ಪೆಟ್ಟಿಗೆಯನ್ನು ಕೂರಿಸಬೇಕೆಂದು ಅವನ ವಾದ. ಇದು ಮೂಲತಃ ಕಾರ್ಖಾನೆಯ ಯಂತ್ರಗಳಿಗಾಗಿ, ಕಸೂತಿಯ ಯಂತ್ರಗಳಿಗಾಗಿ ಬಂದ ವಸ್ತು. ಅದರ ಮೂತಿಗೆ ಪೆನ್ ಡ್ರೈವ್ ಸಿಕ್ಕಿಸಿದರೆ, ಅದರೊಳಗಿನ ನೂರಾರು ಕಡತಗಳಲ್ಲಿ ಒಂದೊಂದನ್ನೂ ಒಂದೊಂದು ಫ್ಲಾಪಿಯೆಂದು ಯಂತ್ರಕ್ಕೆ ನಂಬಿಸುತ್ತದೆ. ಕೇವಲ 1 ಗಿಗಾಬೈಟಿನ ಡ್ರೈವಿನಲ್ಲಿ ಆರುನೂರಕ್ಕೂ ಹೆಚ್ಚು ಫ್ಲಾಪಿಗಳು ಹಿಡಿಯುತ್ತವೆ.

ಮೇಲುನೋಟಕ್ಕೆ ಎರಡೂ ಒಂದೇ ಎನಿಸುತ್ತದೆ, ಆದರೆ ಹಾಗಲ್ಲ. ಕಾರ್ಡು ಬಂದರೆ ಗೋಡೆಯೇ ಇಲ್ಲದ ಬಯಲು. ಗೋಟೆಕ್ ಬಂದರೆ ಸಾಲು ಮನೆಗಳು. ಪ್ರತಿ ಮನೆಯೂ 1.44 ಮೆಗಾಬೈಟೇ. ಒಂದು ಬೀಟಿಗೆ ಒಂದು ಫ್ಲಾಪಿ, ಅದರೊಳಗೆ ಹಿಡಿಯುವಷ್ಟೇ ಸದ್ದು ಎಂಬ ಹಳೆಯ ಶಿಸ್ತು ಅಲ್ಲಿ ಹಾಗೆಯೇ ಮುಂದುವರಿಯುತ್ತದೆ. ಕಣಜ ಬದಲಾಗುತ್ತದೆ, ಅಳೆಯುವ ಸೇರು ಬದಲಾಗುವುದಿಲ್ಲ. ಮಿತಿಯನ್ನೇ ಪೂಜಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅಂದಿನವರಿಗೆ ಹತ್ತು ಸೆಕೆಂಡು ಸಿಕ್ಕಿದ್ದು ವ್ರತದಿಂದಲ್ಲ, ಮೆಮೊರಿಯ ಬೆಲೆಯಿಂದ. ಇಪ್ಪತ್ತು ಕೊಟ್ಟಿದ್ದರೆ ಸಂತೋಷದಿಂದ ತೆಗೆದುಕೊಳ್ಳುತ್ತಿದ್ದರು. ಆದರೂ ಮೊಮ್ಮಗನು ತಾನಾಗಿ ಆಡಿದ ಮಾತೊಂದು ನನ್ನನ್ನು ಮಗನ ಪಕ್ಷಕ್ಕೆ ಎಳೆಯಿತು: ತನ್ನ ಫೋನಿನಲ್ಲಿ ಸಾವಿರಾರು ಸದ್ದುಗಳಿವೆ, ಒಂದು ಬೀಟೂ ಇದುವರೆಗೆ ಪೂರ್ತಿಯಾಗಿಲ್ಲ.

ಆದರೆ ನಾನು ಹಾಕಿದ ಷರತ್ತು ಒಂದೇ. ಯಂತ್ರಕ್ಕೆ ಸ್ಕ್ರೂಡ್ರೈವರ್ ತಾಗಿಸುವ ಮುನ್ನ ನಲವತ್ತೊಂದು ಫ್ಲಾಪಿಗಳ ನಕಲು ಆಗಬೇಕು. ಫ್ಲಾಪಿಗಳನ್ನು ತಯಾರಿಸುತ್ತಿದ್ದ ಸೋನಿ ಕಂಪನಿಯೇ 2011ರಲ್ಲಿ ತನ್ನ ದೇಶದಲ್ಲಿ ಅವುಗಳ ಮಾರಾಟ ನಿಲ್ಲಿಸಿತು. ಇರುವವೆಲ್ಲ ಮುದಿಯಾದವು. ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲಿನ ಕಾಂತೀಯ ಲೇಪವು ತೇವಕ್ಕೆ ಬೂಷ್ಟು ಹಿಡಿಯುತ್ತದೆ. ನಿಮಿಷಕ್ಕೆ 300 ಸುತ್ತು ತಿರುಗುವ ಅದನ್ನು ಓದುವ ಮೊನೆಯು ಮುಟ್ಟಿಕೊಂಡೇ ಇರುತ್ತದೆ. ಲೇಪ ಸಡಿಲವಾಗಿದ್ದರೆ ಓದಿದಂತೆಲ್ಲ ಕೆರೆದುಹೋಗುತ್ತದೆ. ಆದುದರಿಂದ ಹಾಳಾದ ಫ್ಲಾಪಿಯನ್ನು ಮತ್ತೆ ಮತ್ತೆ ಯಂತ್ರಕ್ಕೆ ಉಣಿಸಿ ಪರೀಕ್ಷಿಸುವುದು ರೋಗಿಯನ್ನು ಪದೇ ಪದೇ ಎಬ್ಬಿಸಿ ನಿದ್ದೆ ಬಂತೆ ಎಂದು ಕೇಳಿದಂತೆ.

ಈ ಮಾದರಿಯ ಫ್ಲಾಪಿಗಳು ಸಾಮಾನ್ಯ ಕಂಪ್ಯೂಟರಿನ ಡಾಸ್ ಪದ್ಧತಿಯಲ್ಲಿಯೇ ಬರೆಯಲ್ಪಟ್ಟಿರುವುದು ನಮ್ಮ ಅದೃಷ್ಟ. ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವೊಂದನ್ನು ತರಿಸಿದೆವು. ಪ್ರತಿ ಫ್ಲಾಪಿಯ ಮೂಲೆಯ ಪುಟ್ಟ ಕಿಟಕಿಯನ್ನು ಸರಿಸಿ ತೆರೆದೆವು; ಅದು ತೆರೆದಿದ್ದರೆ ಅದರ ಮೇಲೆ ಏನನ್ನೂ ಬರೆಯಲಾಗದು. ಓದುವ ಮೊನೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಆಗಾಗ ಒರೆಸಿದೆವು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಫ್ಲಾಪಿಯ 2,880 ಖಾನೆಗಳನ್ನು ಒಂದೊಂದಾಗಿ ನಕಲು ಮಾಡುತ್ತದೆ. ಓದಲಾಗದ ಖಾನೆಯನ್ನು ಗುರುತು ಹಾಕಿಕೊಂಡು ಮುಂದೆ ಸಾಗಿ, ಆರೋಗ್ಯದ ಭಾಗವೆಲ್ಲ ಕೈಗೆ ಬಂದ ಮೇಲೆ ಹಿಂದಿರುಗಿ ಮತ್ತೆ ಪ್ರಯತ್ನಿಸುತ್ತದೆ. ನಾಲ್ಕು ಸಂಜೆಗಳ ಕೆಲಸ. ಮೂವತ್ತಮೂರು ಫ್ಲಾಪಿಗಳು ಸಂಪೂರ್ಣವಾಗಿ ಬಂದವು. ಐದರಲ್ಲಿ ಅಲ್ಲಲ್ಲಿ ತೂತು. ಮೂರು ಬಾಯಿ ಬಿಡಲಿಲ್ಲ.

ಆ ಐದರಲ್ಲಿ ಒಂದರ ಚೀಟಿಯ ಮೇಲೆ ಮಗನ ಅಕ್ಷರದಲ್ಲಿ “ಅವ್ವ, ರೊಟ್ಟಿ, 2002” ಎಂದಿತ್ತು. ಆ ವರ್ಷ ಮಗನ ಪದವಿಪ್ರದಾನಕ್ಕೆ ನಾವಿಬ್ಬರೂ ಹೋಗಿದ್ದೆವು. ಊರಿನಿಂದ ಜೋಳದ ಹಿಟ್ಟನ್ನು ಒಯ್ದಿದ್ದ ನನ್ನ ಪತ್ನಿ ಆ ಬಾಡಿಗೆಯ ಕೋಣೆಯಲ್ಲಿ ದಿನವೂ ರೊಟ್ಟಿ ಬಡಿಯುತ್ತಿದ್ದಳು. ಅವನು ಮೈಕನ್ನು ಹಿಡಿದು ಆ ಸದ್ದನ್ನು ಯಂತ್ರಕ್ಕೆ ತುಂಬಿಕೊಂಡದ್ದು ನನಗೆ ಅಸ್ಪಷ್ಟವಾಗಿ ನೆನಪಿದೆ. ಅವಳು 2011ರಲ್ಲಿ ಲಿಂಗೈಕ್ಯಳಾದಳು. ಮೊಮ್ಮಗನಿಗೆ ಆಗ ಮೂರು ವರ್ಷ. ಅವಳ ನೆನಪು ಅವನಿಗೆ ಇಲ್ಲ.

ಯಾವ ಕಡತ ಯಾವ ಖಾನೆಗಳಲ್ಲಿದೆ ಎಂಬ ಕೋಷ್ಟಕ ಫ್ಲಾಪಿಯ ಆರಂಭದಲ್ಲಿರುತ್ತದೆ. ಈ ಫ್ಲಾಪಿಯಲ್ಲಿ ಆ ಕೋಷ್ಟಕಕ್ಕೇ ಏಟು ಬಿದ್ದಿತ್ತು. ಆದರೆ ಡಾಸ್ ಪದ್ಧತಿಯನ್ನು ರೂಪಿಸಿದವರು ಮುಂದಾಲೋಚನೆಯಿಂದ ಅದರ ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿ ಇರಿಸಿದ್ದಾರೆ. ಎರಡನೆಯ ಪ್ರತಿ ಸುರಕ್ಷಿತವಾಗಿತ್ತು. ಅದನ್ನು ಮೊದಲನೆಯದರ ಜಾಗಕ್ಕೆ ನಕಲು ಮಾಡಿದೊಡನೆ ಕಡತಗಳ ಹೆಸರುಗಳು ತೆರೆದುಕೊಂಡವು. ರೊಟ್ಟಿಯ ಸದ್ದು ನಾಲ್ಕು ಸೆಕೆಂಡಿನದು. ನಡುವೆ ಮೂರು ಖಾನೆಗಳು ಹೋಗಿದ್ದವು. ಒಂದು ಖಾನೆಯೆಂದರೆ 512 ಬೈಟ್, ಧ್ವನಿಯ ಲೆಕ್ಕದಲ್ಲಿ ಸೆಕೆಂಡಿನ ಸಾವಿರದ ಆರು ಭಾಗದಷ್ಟು ಮಾತ್ರ. ಬರಹದಲ್ಲಿ ಅಷ್ಟು ಅಕ್ಷರ ಹೋದರೆ ಹಲವು ಸಾಲುಗಳೇ ಹೋದಂತೆ. ಸದ್ದಿನಲ್ಲಿ ಅದು ಕಿವಿಗೆ ಒಂದು ಚಿಟಿಕೆ. ಚಿಟ್ ಎಂದು ಸಿಡಿಯುವ ಆ ಜಾಗವನ್ನು ಸರಿಪಡಿಸೋಣವೆ ಎಂದು ಮಗ ಕೇಳಿದಾಗ ಬೇಡವೆಂದೆ. ಅಂಗೈಯ ಪೆಟ್ಟು, ಹಿಟ್ಟನ್ನು ತಿರುಗಿಸುವ ಸರಸರ, ಮತ್ತೆ ಪೆಟ್ಟು. ಕೊನೆಗೆ ಬಳೆಯ ಸದ್ದು. ಮೂವರೂ ಎಷ್ಟು ಹೊತ್ತು ಕೇಳಿದೆವೋ ತಿಳಿಯದು.

ಮುಂದಿನದು ಕೈಗೆಲಸ. ಮಿಚಿಗನ್ನಿನ ಚಳಿಗಾಲದಲ್ಲಿ ಗಾಳಿ ಎಷ್ಟು ಒಣಗಿರುತ್ತದೆಂದರೆ ಬಾಗಿಲಿನ ಹಿಡಿ ಮುಟ್ಟಿದರೂ ಬೆರಳಿಗೆ ಕಿಡಿ ತಾಗುತ್ತದೆ. ಅಂತಹ ಕಿಡಿಯೊಂದು ಸಾಕು, ಚಿಪ್ಪುಗಳು ಸಾಯಲು. ಆದುದರಿಂದ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡು, ವಿದ್ಯುತ್ ತಂತಿ ಕಳಚಿದ ಮೇಲೆಯೇ ಮುಚ್ಚಳ ತೆಗೆದೆವು. ಹಳೆಯ ಡ್ರೈವಿನಿಂದ ಮೂವತ್ತನಾಲ್ಕು ಎಳೆಯ ಚಪ್ಪಟೆ ಪಟ್ಟಿಯನ್ನೂ ನಾಲ್ಕು ಎಳೆಯ ವಿದ್ಯುತ್ ಕೊಂಡಿಯನ್ನೂ ಬಿಡಿಸಿ ಗೋಟೆಕ್‌ಗೆ ಸಿಕ್ಕಿಸುವುದಷ್ಟೆ. ಪಟ್ಟಿಯ ಬಣ್ಣದ ಅಂಚು ಒಂದನೆಯ ಸೂಜಿಯ ಕಡೆಗಿರಬೇಕು. ಗೋಟೆಕ್‌ನ ಕಾರ್ಖಾನೆಯ ತಂತ್ರಾಂಶದ ಬದಲಿಗೆ ಫ್ಲಾಶ್‌ಫ್ಲಾಪಿ ಎಂಬ ಉಚಿತ ತಂತ್ರಾಂಶವನ್ನು ತುಂಬಿದೆವು. ‘ಫ್ಲಾಪಿ ಸಿದ್ಧವಿದೆ’ ಎಂದು ಕೆಲವು ಯಂತ್ರಗಳು, ‘ಫ್ಲಾಪಿ ಬದಲಾಗಿದೆ’ ಎಂದು ಇನ್ನು ಕೆಲವು, ಮೂವತ್ತನಾಲ್ಕನೆಯ ಅದೇ ಒಂದು ತಂತಿಯ ಮೇಲೆ ಸಂಜ್ಞೆ ಬಯಸುತ್ತವೆ. ಯಾವ ಯಂತ್ರಕ್ಕೆ ಯಾವುದು ಬೇಕೆಂದು ಹೊಂದಿಸುವ ಅನುಕೂಲ ಅದರಲ್ಲಿದೆ. ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಕೊಣಮಿಗೆಯನ್ನೂ 32 ಮೆಗಾಬೈಟಿಗೆ ಹಿಗ್ಗಿಸಿದೆವು. ಬೇಡವೆನಿಸಿದರೆ ಆ ಪಟ್ಟಿಗಳನ್ನು ತೆಗೆದಿಡಬಹುದು.

ಸ್ಕಸಿಯ ಫಲಕವೂ ಆಮೇಲೆ ಬಂದಿತು, ಮೊಮ್ಮಗನು ಬಿಡಬೇಕಲ್ಲ! ಅದು ಹೊರಗಿನ ಕೊಂಡಿಗೆ ಸೇರುವುದರಿಂದ ಯಂತ್ರವನ್ನು ಬಿಚ್ಚಬೇಕಿಲ್ಲ. ಸರಣಿಯಲ್ಲಿ ಎರಡು ಉಪಕರಣಗಳಿಗೆ ಒಂದೇ ಸಂಖ್ಯೆ ಇರಕೂಡದು. ತಂತಿಯ ಕೊನೆಗೆ ‘ಟರ್ಮಿನೇಶನ್’ ಕಟ್ಟಬೇಕು. ಕೊನೆಯನ್ನು ಸರಿಯಾಗಿ ಕಟ್ಟದ ತಂತಿಯಲ್ಲಿ ಸಂಜ್ಞೆ ಪ್ರತಿಫಲಿಸಿ ಹಿಂದಿರುಗುತ್ತದೆಂಬುದು ದೂರವಾಣಿಯವರಿಗೆ ಹೊಸ ಪಾಠವಲ್ಲ. ನಲವತ್ತು ವರ್ಷ ಹಿಂದೆ ಕಲಿತದ್ದು ಅಡುಗೆಯ ಮೇಜಿನ ಮೇಲೆ ಪ್ರಯೋಜನಕ್ಕೆ ಬಂದಿತು. ಇಂತಹ ಯಂತ್ರವನ್ನು ಊರಿಗೆ ತರುವ ಆಸೆಯುಳ್ಳವರಿಗೆ ಒಂದು ಮಾತು: ಅಮೆರಿಕದಲ್ಲಿ ಮಾರಿದವು 120 ವೋಲ್ಟಿನವು, ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ತಕ್ಕ ಟ್ರಾನ್ಸ್‌ಫಾರ್ಮರ್ ಬೇಕು.

ನಾನು ಹೊರಡುವ ವಾರ ಮೊಮ್ಮಗನು ಬೀಟೊಂದನ್ನು ಕೇಳಿಸಿದನು. ಬಳೆಯ ಸದ್ದು ತಾಳದ ತುದಿಗೆ, ಅಂಗೈಯ ಪೆಟ್ಟು ಡೋಲಿನ ಸ್ಥಾನದಲ್ಲಿ. “ಹೇಗಿದೆ ಅಜ್ಜಾ?” ಎಂದನು. ನಿಮ್ಮ ಅಜ್ಜಿ ಇಷ್ಟು ಅವಸರದಲ್ಲಿ ಎಂದೂ ರೊಟ್ಟಿ ಬಡಿದವಳಲ್ಲ ಎಂದೆ. ಅವನು ನಗುತ್ತ ಚಕ್ರವನ್ನು ತಿರುಗಿಸಿ ವೇಗವನ್ನು ಇಳಿಸಿದನು. ಇನ್ನೂ ಸ್ವಲ್ಪ ಎಂದೆ, ಇನ್ನೂ ಸ್ವಲ್ಪ ಇಳಿಸಿದನು. ಇಡೀ ಬೀಟು ಒಂದೇ ಫ್ಲಾಪಿಯ ಅಳತೆಯಲ್ಲಿ ಹಿಡಿದಿತ್ತು.

ಕಳಚಿದ ಹಳೆಯ ಡ್ರೈವನ್ನು ಬಿಸಾಡಲು ನಾನು ಬಿಡಲಿಲ್ಲ. ಡ್ರೈವಿನಿಂದ ಡ್ರೈವಿಗೆ ಓದುವ ಮೊನೆಯ ನಿಲುವು ಕೂದಲೆಳೆಯಷ್ಟು ಬೇರೆಯಿರುತ್ತದೆ. ತಾನು ಬರೆದದ್ದನ್ನು ತಾನೇ ಓದಬಲ್ಲ ಡ್ರೈವುಗಳುಂಟು. ಅದರ ಸವೆದ ಬೆಲ್ಟನ್ನೋ ಜಿಡ್ಡುಗಟ್ಟಿದ ಸರಳನ್ನೋ ಸರಿಪಡಿಸಿದರೆ, ಬಾಯಿ ಬಿಡದ ಆ ಮೂರು ಫ್ಲಾಪಿಗಳು ಅದಕ್ಕೆ ಮಾತ್ರ ಒಲಿಯಬಹುದು. ಬರುವ ಬೇಸಿಗೆಯಲ್ಲಿ ಹೋದಾಗ ಆ ಕೆಲಸ ಹಿಡಿಯಬೇಕು. ಮೂರರಲ್ಲಿ ಎರಡರ ಚೀಟಿಯ ಮೇಲೆ ಹಾಡಿನ ಹೆಸರುಗಳಿವೆ. ಮೂರನೆಯದರ ಮೇಲೆ 2002 ಎಂದಷ್ಟೇ ಬರೆದಿದೆ.