ದೊಡ್ಡಕ್ಕ ಕೇಳಿದ ಪ್ರಶ್ನೆ

ನೀವೆಲ್ಲ ಕೆಲಸಕ್ಕೆ ಸೇರುವುದಕ್ಕೂ ಮುಂಚಿನ ಮಾತು ಇದು. ಬೆಂಕಿ ಹತ್ತಿರಕ್ಕೆ ಸರಿದು ಕೂತುಕೊಳ್ಳಿ, ಹೇಳುತ್ತೇನೆ.

2017ರ ಜನವರಿ. ಅರಸೀಕೆರೆ ಕಡೆಯ ನಮ್ಮ ಬಯಲಿನಲ್ಲಿ ರಾಗಿ ಒಕ್ಕಣೆ ಮುಗಿದಿತ್ತು. ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಶುರು ಅಂತ ಆದೇಶ ಬಂತು. ದೇಶದಲ್ಲಿ ಮೊದಲ ಸರದಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಕ್ಕೆ. 9 ತಿಂಗಳು ತುಂಬಿದ ಕೂಸಿನಿಂದ ಹಿಡಿದು 15 ವರ್ಷದೊಳಗಿನ ಮಕ್ಕಳವರೆಗೆ, ಹಿಂದೆ ಹಾಕಿಸಿರಲಿ ಬಿಡಲಿ, ಎಲ್ಲರಿಗೂ ಒಂದೊಂದು ಡೋಸ್. ಎಲ್ಲ ಕಡೆಯೂ ಸೇರಿ ಸುಮಾರು 3.6 ಕೋಟಿ ಮಕ್ಕಳು. ಹೈಸ್ಕೂಲಿನ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಇಷ್ಟು ದೊಡ್ಡದಾಗಿ ಸೂಜಿಯ ಅಭಿಯಾನ ಮಾಡಿದ್ದು ನಮ್ಮ ತಾಲ್ಲೂಕಿನಲ್ಲಿ ನಾನು ಕಂಡಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ. ಗೋಡೆಯ ಮೇಲೆ ಒಂದರ ಹಿಂದೆ ಒಂದು ಚಿತ್ರ ಓಡುತ್ತಿತ್ತು. 0.5 ಮಿಲಿ, ಬಲ ತೋಳು, ಚರ್ಮದ ಕೆಳಗೆ. ಲಸಿಕೆ, ದ್ರಾವಣ ಎರಡೂ 2ರಿಂದ 8 ಡಿಗ್ರಿಯಲ್ಲಿ. ಎಲ್ಲರೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. ನಾವು ದೊಡ್ಡಕ್ಕ ಅಂತ ಕರೆಯುತ್ತಿದ್ದ ಹಿರಿಯ ಸಿಸ್ಟರ್ ಮಾತ್ರ ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ನಡುವೆಯೇ ಎದ್ದು ನಿಂತರು.

“ಸಾರ್, ಸಿರಿಂಜ್ ಹಿಡಿಯೋದು ನಮಗೆ ಗೊತ್ತು. ಆದ್ರೆ ‘ಹೋದ ವರ್ಷ ನೀವೇ ದಡಾರದ ಸೂಜಿ ಹಾಕಿದ್ರಲ್ಲ ಸಿಸ್ಟರಮ್ಮ, ಮತ್ತೆ ಯಾಕೆ?’ ಅಂತ ತಾಯಿ ಕೇಳ್ತಾಳೆ. ಸರ್ಕಾರದ ಆರ್ಡರ್ ಅಂದ್ರೆ ಬಾಗಿಲು ಹಾಕ್ಕೋತಾಳೆ. ಅವಳಿಗೆ ಏನು ಹೇಳ್ಬೇಕು, ಅದನ್ನ ಕಲಿಸಿ.”

ತರಬೇತಿಗೆ ಬಂದಿದ್ದ ಡಾಕ್ಟ್ರು ವಯಸ್ಸಿನಲ್ಲಿ ಚಿಕ್ಕವರು. ಸಿಟ್ಟಾಗುತ್ತಾರೆ ಅಂದುಕೊಂಡೆವು. ಅವರು ಪ್ರೊಜೆಕ್ಟರ್ ಆರಿಸಿದರು, ಕುರ್ಚಿ ಎಳೆದುಕೊಂಡು ನಮ್ಮೆದುರೇ ಕೂತರು. ಆ ದಿನದ ನಿಜವಾದ ತರಬೇತಿ ಅಲ್ಲಿಂದ ಶುರುವಾಯಿತು ಅಂತಲೇ ನನ್ನ ಎಣಿಕೆ.

“9 ತಿಂಗಳಿಗೆ 100 ಮಕ್ಕಳಿಗೆ ಹಾಕಿದ್ರೆ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಬರುತ್ತೆ. ಉಳಿದ 15 ಮಕ್ಕಳು ಯಾರು ಅಂತ ಮುಖ ನೋಡಿ ಹೇಳೋಕಾಗಲ್ಲ. ಹಾಗಾಗಿ ಎಲ್ಲರಿಗೂ ಮತ್ತೊಮ್ಮೆ. ಆಗಲೇ ರಕ್ಷಣೆ ಇರೋ ಮಗುಗೆ ಇನ್ನೊಂದು ಡೋಸ್‌ನಿಂದ ತೊಂದರೆ ಇಲ್ಲ. ಇನ್ನೊಂದು ಮಾತು, ಇಷ್ಟು ದಿನ ಸರ್ಕಾರಿ ಸೂಜಿಯಲ್ಲಿ ಇದ್ದದ್ದು ದಡಾರ ಒಂದೇ. ರುಬೆಲ್ಲಾ ಇರಲೇ ಇಲ್ಲ.”

ರುಬೆಲ್ಲಾ ಅಂದರೆ ಏನು ಅಂತ ನಮ್ಮಲ್ಲಿ ಬಹಳ ಜನಕ್ಕೆ ಸರಿಯಾಗಿ ತಿಳಿದಿರಲಿಲ್ಲ. ಮಗುವಿಗೆ ಬಂದರೆ ಅದು ದೊಡ್ಡ ಕಾಯಿಲೆಯಲ್ಲ. ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗಂದೆ, ಮೂರು ದಿನಕ್ಕೆ ಮಾಯ. ಅದೇ ಸೋಂಕು ಬಸುರಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ, ಹೊಟ್ಟೆಯೊಳಗಿನ ಕೂಸಿಗೆ ದಾಟುವ ಸಂಭವ ನೂರಕ್ಕೆ 90ರಷ್ಟು. ಗರ್ಭ ನಿಲ್ಲದೇ ಹೋಗಬಹುದು. ನಿಂತರೂ ಕಣ್ಣಿಗೆ ಪೊರೆ, ಕಿವುಡು, ಹೃದಯದ ದೋಷ. 1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಅಂತ ಕಣ್ಣಿನ ಡಾಕ್ಟ್ರು ಇದನ್ನು ಮೊದಲು ಕಂಡುಕೊಂಡದ್ದು ಹೇಗೆ ಅಂತ ತರಬೇತಿಯ ಡಾಕ್ಟ್ರು ವಿವರಿಸಿದರು. ಕಣ್ಣಿಗೆ ಪೊರೆ ಬಂದಿದ್ದ ಹಸುಗೂಸುಗಳು ಒಂದರ ಮೇಲೊಂದು ಬರತೊಡಗಿದಾಗ ಗ್ರೆಗ್ ತಾಯಂದಿರನ್ನು ವಿಚಾರಿಸಿದರಂತೆ. ಬಸುರಿನಲ್ಲಿ ಗಂದೆಯ ಜ್ವರ ಬಂದಿತ್ತು ಅಂತ ತಾಯಂದಿರ ಬಾಯಿಂದಲೇ ಹೊರಬಿತ್ತು. ಭಾರತದಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಮಕ್ಕಳು ಹೀಗೆ ಹುಟ್ಟುತ್ತಾರೆ, 2015ರಲ್ಲಿ ದಡಾರದಿಂದ ತೀರಿಕೊಂಡವರು ಸುಮಾರು 49 ಸಾವಿರ ಅನ್ನುವುದು ಆಗಿನ ಅಂದಾಜು. ಹೆರಿಗೆ ಮಾಡಿಸಿದ ಕೈಗಳು ನಮ್ಮವು. ಹುಟ್ಟಿನಿಂದಲೇ ಕಿವಿ ಕೇಳದ ಒಂದೊಂದು ಮಗು ಪ್ರತಿಯೊಬ್ಬಳ ನೆನಪಿಗೂ ಬಂದಿರಬೇಕು. ಹಾಲ್ ಪೂರ್ತಿ ಸುಮ್ಮನಾಯಿತು.

ಬೆರೆಸಿದ ಲಸಿಕೆಯನ್ನು 4 ಗಂಟೆಯೊಳಗೆ ಮುಗಿಸಿ, ಉಳಿದರೆ ಬಳಸಬೇಡಿ ಅನ್ನುವ ನಿಯಮ ನಮಗೆ ಬಾಯಿಪಾಠವಾಗಿತ್ತು. ಯಾಕೆ ಅನ್ನುವುದನ್ನೂ ಅವತ್ತು ಬಿಡಿಸಿ ಹೇಳಿದರು. ಈ ಲಸಿಕೆಯಲ್ಲಿ ಕೆಡದಂತೆ ಕಾಯುವ ಔಷಧ ಇಲ್ಲ. ಸೂಜಿ ಹೊಕ್ಕ ದಾರಿಯಲ್ಲೇ ಬ್ಯಾಕ್ಟೀರಿಯಾ ಸೇರಿಕೊಂಡರೆ ಒಳಗೇ ಬೆಳೆದು ವಿಷ ಬಿಡುತ್ತದೆ, ಆ ವಿಷ ಮಗುವಿನ ಜೀವವನ್ನೇ ತೆಗೆಯಬಲ್ಲದು. ಅಂದಿನಿಂದ ನಾನು ವಯಲ್ ಮೇಲೆ ಬೆರೆಸಿದ ಹೊತ್ತು ಬರೆಯದೆ ಕೆಳಗಿಟ್ಟದ್ದೇ ಇಲ್ಲ.

ಸಂಜೆ ನಮ್ಮಲ್ಲೇ ಒಬ್ಬಳನ್ನು ಹಟಮಾರಿ ತಂದೆ ಮಾಡಿ, ಇನ್ನೊಬ್ಬಳನ್ನು ಸಿಸ್ಟರ್ ಮಾಡಿ ಮಾತಾಡಿಸಿದರು. ತಡವರಿಸಿದಲ್ಲಿ ಹೀಯಾಳಿಸಲಿಲ್ಲ, “ಇನ್ನೊಂದು ಸಲ ಹೇಳಮ್ಮ” ಅಂದರು, ಅಷ್ಟೆ.

ಅಭಿಯಾನ ಶುರುವಾಗುವ ಹೊತ್ತಿಗೆ ವಾಟ್ಸಾಪ್ ನಮಗಿಂತ ಮುಂಚೆ ಊರೂರು ತಲುಪಿತ್ತು. ಈ ಸೂಜಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ, ಇದು ಹೊರದೇಶದವರು ನಮ್ಮ ಮಕ್ಕಳ ಮೇಲೆ ಮಾಡೋ ಪ್ರಯೋಗ ಅಂತೆಲ್ಲ. ನಾವು ಹೈಸ್ಕೂಲಿಗೆ ಹೋದ ದಿನ ಗೇಟಿನ ಬಳಿ ಅಪ್ಪಂದಿರ ಗುಂಪು. ಹೆಡ್ ಮೇಷ್ಟ್ರ ಮುಖ ಬಾಡಿತ್ತು. ದೊಡ್ಡಕ್ಕ ಲಸಿಕೆ ಪೆಟ್ಟಿಗೆಯನ್ನು ನನ್ನ ಕೈಗಿತ್ತು ನೇರ ಜಗಲಿಗೆ ಹೋಗಿ ಕೂತರು. ಮುಂದೆ ನಿಂತಿದ್ದವರನ್ನು ಕರೆದು, “ಬನ್ನಿ ಅಣ್ಣ, ಫೋನಲ್ಲಿ ಬಂದದ್ದನ್ನ ಜೋರಾಗಿ ಓದಿ. ಎಲ್ಲರೂ ಕೇಳೋಣ,” ಅಂದರು.

ಅವರು ಓದಿದರು. ದೊಡ್ಡಕ್ಕ ಒಂದೊಂದಕ್ಕೂ ಉತ್ತರ ಕೊಟ್ಟರು. ಲಸಿಕೆ ತಯಾರಾಗೋದು ಪುಣೆಯಲ್ಲಿ, ಅಲ್ಲಿಂದಲೇ ಹೊರದೇಶದ ಮಕ್ಕಳಿಗೂ ಹೋಗುತ್ತೆ. ಮಕ್ಕಳಾಗಲ್ಲ ಅನ್ನೋದು ಸುಳ್ಳು, ನಿಮ್ಮ ಮಗಳ ಹೊಟ್ಟೇಲಿ ನಾಳೆ ಹುಟ್ಟೋ ಕೂಸಿನ ಕಣ್ಣು ಕಿವಿ ಉಳಿಸೋಕೇ ಈ ಸೂಜಿ. ಆಮೇಲೆ ಹಿಂದಿನ ಸಾಲಿನಿಂದ ಅದೇ ಪ್ರಶ್ನೆ ಬಂತು, “ಆಗಲೇ ಹಾಕಿಸಿದೀವಲ್ಲ ತಾಯಿ, ಮತ್ತೆ ಯಾಕೆ?” 85ರ ಲೆಕ್ಕವನ್ನು ದೊಡ್ಡಕ್ಕ ಅಲ್ಲೇ ಬೆರಳು ಮಡಿಚಿ ತೋರಿಸಿದರು.

ಒಳಗೆ ಮೂರು ಕೋಣೆ ಸಿದ್ಧಮಾಡಿದ್ದೆವು. ಒಂದರಲ್ಲಿ ಕಾಯುವುದು, ಒಂದರಲ್ಲಿ ಸೂಜಿ, ಒಂದರಲ್ಲಿ ಅರ್ಧ ಗಂಟೆ ಕೂರಿಸುವುದು. ಚುಚ್ಚುವುದು ಕಾಯುವ ಮಕ್ಕಳ ಕಣ್ಣಿಗೆ ಬೀಳಬಾರದು ಅಂತ ಈ ಏರ್ಪಾಡು. ಅರ್ಧ ಸಾಲು ಮುಗಿದಿರಲಿಲ್ಲ, ಮೂರನೇ ಕೋಣೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಬೆಂಚಿನಿಂದ ಜಾರಿ ಬಿದ್ದಳು. ಕೂಗು ಎದ್ದಿತು. ಗೇಟಿನಲ್ಲಿದ್ದವರು ಒಳಕ್ಕೆ ನುಗ್ಗಿದರು. ನನ್ನ ಕೈಕಾಲು ತಣ್ಣಗಾದವು.

ದೊಡ್ಡಕ್ಕ ಹುಡುಗಿಯ ನಾಡಿ ಹಿಡಿದರು. ತರಬೇತಿಯಲ್ಲಿ ಡಾಕ್ಟ್ರು ಕಲಿಸಿದ್ದ ವ್ಯತ್ಯಾಸ ನನಗೂ ನೆನಪಾಯಿತು. ಹೆದರಿಕೆಯ ಮೂರ್ಛೆಯಲ್ಲಿ ನಾಡಿ ನಿಧಾನ, ಮೈ ತಣ್ಣಗೆ, ಬೆವರು, ಮಲಗಿಸಿದರೆ ಬೇಗ ಎಚ್ಚರ. ತೀವ್ರ ಅಲರ್ಜಿಯಾದರೆ ನಾಡಿ ಓಡುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಮೈಮೇಲೆ ದದ್ದು, ತುಟಿ-ಮುಖ ಊತ. ಅದು ಬಹಳ ಅಪರೂಪ. ಬಂತು ಅಂದರೆ ತಡಮಾಡದೆ ತೊಡೆಗೆ ಅಡ್ರಿನಲಿನ್. ಕಿಟ್ ಪಕ್ಕದಲ್ಲೇ ಬಿಚ್ಚಿಟ್ಟಿತ್ತು. ದೊಡ್ಡಕ್ಕ ಅದನ್ನು ಮುಟ್ಟಲಿಲ್ಲ. ಅಂಗಾತ ಮಲಗಿಸಿ ಕಾಲನ್ನು ಸ್ಕೂಲ್ ಬ್ಯಾಗಿನ ಮೇಲೆ ಎತ್ತಿಟ್ಟರು, ಕಿಟಕಿ ತೆಗೆಸಿದರು. ತುಸು ಹೊತ್ತಿಗೇ ಹುಡುಗಿ ಕಣ್ಣು ಬಿಟ್ಟಳು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಬಿಸಿಯೂಟದ ಅಮ್ಮ ಅನ್ನ ಸಾರು ತಂದರು, ಅಪ್ಪನ ಎದುರಿಗೇ ಉಂಡಳು. ಇಷ್ಟನ್ನೂ ಬಾಗಿಲಲ್ಲಿ ನಿಂತಿದ್ದವರು ನೋಡಿದರು. ಅವತ್ತು ಅಡ್ರಿನಲಿನ್ ಹಾಕಬೇಕಾದಾಗ ಹಾಕುವಷ್ಟೇ ತಿಳಿವಳಿಕೆ, ಬೇಡದಾಗ ಹಾಕದಿರುವುದಕ್ಕೂ ಬೇಕಾಯಿತು. ದೊಡ್ಡಕ್ಕನ ಜಾಗದಲ್ಲಿ ಗಾಬರಿ ಬಿದ್ದ ಇನ್ನೊಬ್ಬಳಿದ್ದಿದ್ದರೆ ಆ ಶಾಲೆ ಮಾತ್ರವಲ್ಲ, ಸುತ್ತಲಿನ ಊರುಗಳೂ ನಮ್ಮ ಕೈ ಬಿಡುತ್ತಿದ್ದವು.

ಹಾಗಂತ ಎಲ್ಲರೂ ಒಪ್ಪಲಿಲ್ಲ. ಒಂದಿಷ್ಟು ತಾಯಂದಿರು, “ಪೇಟೆ ಡಾಕ್ಟ್ರು ಬೇಡ ಅಂದಿದಾರೆ, ನಿಮ್ಮ ಮಗುಗೆ ಆಗಲೇ ಆಗಿದೆ ಅಂದರು,” ಅಂತ ಮಕ್ಕಳನ್ನು ಕರೆದುಕೊಂಡು ಹೋದರು. ನನಗೆ ಸಿಟ್ಟು ಬಂತು. ನಮ್ಮ ಪಿಎಚ್‌ಸಿ ಡಾಕ್ಟ್ರು ಸಿಟ್ಟು ಮಾಡಲಿಲ್ಲ, ಅಂದೇ ರಾತ್ರಿ ಆ ಖಾಸಗಿ ಡಾಕ್ಟ್ರ ಕ್ಲಿನಿಕ್ಕಿಗೆ ಹೋದರು. ನಾನೂ ದೊಡ್ಡಕ್ಕನೂ ಜೊತೆಗಿದ್ದೆವು. ಹಟದ ಮನುಷ್ಯ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಅವರಿಗೆ ಯಾರೂ ಏನೂ ತಿಳಿಸಿರಲೇ ಇಲ್ಲ. ತರಬೇತಿಯ ಪಟ್ಟಿಯಲ್ಲಿ ಇದ್ದದ್ದು ಸರ್ಕಾರಿ ನೌಕರರ ಹೆಸರು ಮಾತ್ರ. ದಿನಕ್ಕೆ ಅಷ್ಟು ಮಕ್ಕಳನ್ನು ನೋಡುವ ಡಾಕ್ಟ್ರಿಗೆ ಅಭಿಯಾನದ ಸುದ್ದಿ ತಂದದ್ದೂ ವಾಟ್ಸಾಪೇ. ಇದು ಇಂದಿಗೂ ನನ್ನನ್ನು ಕೊರೆಯುತ್ತದೆ. ನಮ್ಮವರು ಮಾರ್ಗಸೂಚಿ ಪುಸ್ತಕ ಕೊಟ್ಟರು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಅಭಿಯಾನದ ಜೊತೆಗಿದೆ ಅಂದರು. ಇಬ್ಬರೂ ಡೋಸ್, ವಯಸ್ಸು, ಜ್ವರ ಇರುವ ಮಗು ಅಂತ ಬಹಳ ಹೊತ್ತು ಮಾತಾಡಿದರು. ಮರುದಿನದಿಂದ ಆ ಕ್ಲಿನಿಕ್ಕಿನ ಬಾಗಿಲಲ್ಲಿ ನಮ್ಮ ಪೋಸ್ಟರ್ ಇತ್ತು. ಹೋಗಿದ್ದ ತಾಯಂದಿರಲ್ಲಿ ಬಹಳ ಮಂದಿ ಮುಂದಿನ ವಾರ ತಾವಾಗಿಯೇ ಬಂದರು.

ಆಮೇಲೆ ಆ ಲಸಿಕೆ 9ನೇ ತಿಂಗಳಿಗೆ, 16ರಿಂದ 24ನೇ ತಿಂಗಳಿಗೆ ಅಂತ ನಿಮ್ಮ ತಾಯಿ ಕಾರ್ಡಿಗೇ ಬಂತು. ಪಿಎಚ್‌ಸಿಯ ತಿಂಗಳ ಮೀಟಿಂಗಿಗೆ ಖಾಸಗಿ ಡಾಕ್ಟ್ರಿಗೂ ಹೇಳಿಕಳಿಸುವ ರೂಢಿ ಬಿತ್ತು. ದೊಡ್ಡಕ್ಕ ಪಟ್ಟು ಹಿಡಿದು ಮಾಡಿಸಿದ್ದು ಅದು. ಅವರು ನಿವೃತ್ತರಾದ ಮೇಲೆ ಒಂದು ಬೇಸಿಗೆಯಲ್ಲಿ ನನ್ನ ಫೋನಿಗೆ ಅದೇ ಪೇಟೆ ಡಾಕ್ಟ್ರ ಕರೆ ಬಂತು. “ಸಿಸ್ಟರ್, ಇಟ್ಟಿಗೆ ಗೂಡಿನ ಕೆಲಸದವರ ಮಗು ಬಂದಿದೆ. ಜ್ವರ, ಮೈತುಂಬ ಗಂದೆ, ಕಣ್ಣು ಕೆಂಪಗಿದೆ. ದಡಾರ ಇರಬಹುದು. ವಿಟಮಿನ್ ಎ ಕೊಟ್ಟಿದೀನಿ. ರಕ್ತದ ಸ್ಯಾಂಪಲ್ ತಗೊಳ್ಳೋಕೆ ಯಾರನ್ನಾದ್ರೂ ಕಳಿಸಿ. ಆ ಗೂಡಿನ ಹತ್ತಿರ ಇನ್ನೂ ಎಷ್ಟು ಮಕ್ಕಳಿದಾವೆ, ಸೂಜಿ ಆಗಿದೆಯಾ ನೋಡ್ತೀರಾ?” ನಾನು ಐಸ್ ಪ್ಯಾಕ್ ತುಂಬಿಸಿಕೊಂಡು, ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು, ಅವತ್ತೇ ಸಂಜೆ ಇಟ್ಟಿಗೆ ಗೂಡಿಗೆ ಹೊರಟೆ.