ಪಾರಿಯ ಹಲ್ಲು

ನಾಯಿ ಸಾಕುವವರ ಮನೆಯಿಂದ ಬಂದವನೆಂದರೆ ಹಾಸ್ಟೆಲಿನ ಗೆಳೆಯರು ನಗುತ್ತಾರೆ. ನಗಲಿ. ನಮ್ಮದು ಮುಧೋಳದ ಹತ್ತಿರದ ಹಳ್ಳಿ. ನಾನು ಕಾಲೇಜಿಗೆ ಕಟ್ಟಿದ ಶುಲ್ಕದಲ್ಲಿ ಅರ್ಧದಷ್ಟು ನಾಯಿಮರಿಗಳು ಗಳಿಸಿಕೊಟ್ಟದ್ದು. ಆದುದರಿಂದ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ.

ಮುಧೋಳದ ನಾಯಿಯನ್ನು ನೋಡದವರಿಗಾಗಿ ಒಂದು ಮಾತು. ಉದ್ದನೆಯ ಮೋರೆ, ಒಳಸೇರಿದ ಹೊಟ್ಟೆ, ಚಾವಟಿಯಂಥ ಬಾಲ. ಗಂಡು ನಾಯಿ ಭುಜದ ಬಳಿ ಸುಮಾರು 70 ಸೆಂಟಿಮೀಟರು ಎತ್ತರ. ಟೊಂಕದ ಎಲುಬು ಎದ್ದು ಕಾಣುವುದನ್ನು ಕಂಡು "ಇದಕ್ಕೆ ಊಟ ಹಾಕುವುದಿಲ್ಲವೆ?" ಎಂದು ಕೇಳಿದವರುಂಟು. ಮುಧೋಳದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿ, ಒಂದು ಜೋಡಿಯನ್ನು ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಇದರ ಚಿತ್ರ ಅಂಚೆಚೀಟಿಯನ್ನೂ ಏರಿತು.

ಇದು ಮೂಗಿಗಿಂತ ಕಣ್ಣನ್ನು ನಂಬುವ ನಾಯಿ. ಜೋಳದ ಸುಗ್ಗಿ ಮುಗಿದ ಎರೆಹೊಲದಲ್ಲಿ ಮೊಲವೆದ್ದರೆ ಸಾಕು, ನಾಲ್ಕೂ ಕಾಲು ನೆಲ ಬಿಟ್ಟಂತೆ ಓಡುತ್ತಿತ್ತಂತೆ. ಅಜ್ಜ ಇದನ್ನು ಹೇಳುವಾಗ ಕಟ್ಟೆಯ ಮೇಲೆ ಕುಳಿತಲ್ಲಿಯೇ ಅರ್ಧ ಎದ್ದುಬಿಡುತ್ತಾನೆ. 1972ರ ವನ್ಯಜೀವಿ ಕಾನೂನೂ ಅದರ ತಿದ್ದುಪಡಿಗಳೂ ಆ ಬೇಟೆಯನ್ನು ನಿಲ್ಲಿಸಿದುವು. ಅದು ಆಗಬೇಕಾದುದೇ. ಆದರೆ ಓಡುವುದಕ್ಕಾಗಿಯೇ ಹುಟ್ಟಿದ ನಾಯಿಗೆ ಹೊಲ ಕಾಯುವುದೊಂದೇ ಉಳಿಯಿತು. 2016ರಲ್ಲಿ ಸೈನ್ಯದವರು ಕೆಲವು ಮರಿಗಳನ್ನು ತರಬೇತಿಗೆಂದು ಮೀರತ್ತಿಗೆ ಒಯ್ದಾಗ ನಮ್ಮ ಕಡೆಯವರು ಮಗನಿಗೆ ನೌಕರಿ ಸಿಕ್ಕಷ್ಟು ಹಿಗ್ಗಿದರು.

ನಮ್ಮ ಹೆಣ್ಣುನಾಯಿ ಪಾರಿಯನ್ನು ಶ್ವಾನಪ್ರದರ್ಶನಕ್ಕೆ ಒಯ್ಯಬೇಕೆಂಬ ಹುಚ್ಚು ನನ್ನದೇ. ಅಲ್ಲಿ ಬಹುಮಾನ ಬಂದರೆ ಮರಿಗಳ ಬೆಲೆ ಏರುತ್ತದೆಂದು ಅಪ್ಪನೂ ಒಪ್ಪಿದ. ತಿಂಗಳುಗಟ್ಟಲೆ ಪಾರಿಗೆ ನಿಲ್ಲುವುದನ್ನು ಕಲಿಸಿದೆ. ದಿನವೂ ಬಾಯಿ ತೆರೆಸಿ ಹಲ್ಲೆಣಿಸುತ್ತಿದ್ದೆ. ನಲವತ್ತೆರಡು, ಒಂದೂ ಕಡಿಮೆಯಿಲ್ಲ. ನನ್ನ ಕೈಗೆ ಬಾಯಿ ತೆರೆದ ನಾಯಿ ಪರರ ಕೈಗೆ ತೆರೆಯಬೇಕೆಂದೇನೂ ಇಲ್ಲ. ಇಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲ.

ಪ್ರದರ್ಶನದ ದಿನ ಪಾರಿ ಸುತ್ತು ಹಾಕಿದಾಗ ಜನ ಮಾತು ನಿಲ್ಲಿಸಿ ನೋಡಿದರು. ಆಮೇಲೆ ತೀರ್ಪುಗಾರರು ಬಂದು ಭುಜ ಸವರಿದರು. ಅದರ ಮೈ ಬಿಗಿಯಿತು. ತುಟಿಗೆ ಕೈ ಹಾಕಿದ್ದೇ ತಡ, ಕಟ್ಟನೆ ಹಲ್ಲು ಕೂಡಿದ ಸದ್ದು! ಪುಣ್ಯಕ್ಕೆ ಕೈಗೆ ತಾಗಲಿಲ್ಲ. ಅವರು ಸಿಟ್ಟಾಗಲಿಲ್ಲ. "ಚೆಲುವಾದ ನಾಯಿ, ಆದರೆ ಈ ಗುಣ ಮರಿಗಳಿಗೂ ಇಳಿಯುತ್ತದೆ, ನೋಡಿಕೊಳ್ಳಿ" ಎಂದು ಹೊರಗೆ ಕಳಿಸಿದರು.

ರಾತ್ರಿ ಮನೆಯಲ್ಲಿ ವಾದವೆದ್ದಿತು.

"ಪರರ ಕೈಗೆ ಸಿಗದ ನಾಯೀನ ಹೊಲಾ ಕಾಯ್ತೈತಿ, ತಮ್ಮಾ" ಎಂದ ಅಜ್ಜ.

"ಖರೇನ ಅಪ್ಪಾ, ಆದ್ರ ಮರಿ ಒಯ್ಯಾವ್ರು ಪ್ಯಾಟಿ ಮಂದಿ. ಕಡಿಯೋ ನಾಯಿ ಅವ್ರಿಗೆ ಯಾಕ?" ಎಂದ ನಮ್ಮಪ್ಪ.

ಇಬ್ಬರ ಮಾತೂ ನನಗೆ ಸರಿಯೆನಿಸಿತು, ಅದೇ ತೊಂದರೆ. ಅಂಜಿಕೆಯನ್ನು ಬಿಗುಮಾನವೆಂದು ಹೊಗಳಿ ಮಾರುವವರು ನಮ್ಮಲ್ಲಿ ಇಲ್ಲದಿಲ್ಲ. ಈ ಜಗಳ ನಮ್ಮ ಮನೆಯದಷ್ಟೇ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಜಾನ್ ರಸೆಲ್ ಎಂಬ ಪಾದ್ರಿ ನರಿಯ ಬಿಲದೊಳಗೆ ನುಗ್ಗುವ ಪುಟ್ಟ ಟೆರಿಯರ್ ನಾಯಿಗಳನ್ನು ಬೆಳೆಸಿದ. 1873ರಲ್ಲಿ ಹುಟ್ಟಿದ ಕೆನಲ್ ಕ್ಲಬ್ಬಿನ ಮೊದಲ ಸದಸ್ಯರಲ್ಲಿ ಅವನೂ ಒಬ್ಬ. ಪರರ ನಾಯಿಗಳಿಗೆ ತೀರ್ಪನ್ನೂ ಕೊಟ್ಟವನು. ಆದರೆ ತನ್ನ ನಾಯಿಗಳನ್ನು ಪ್ರದರ್ಶನಕ್ಕೆ ತರಲಿಲ್ಲ. ಅವನು ತೀರಿಕೊಂಡದ್ದು 1883ರಲ್ಲಿ. ಅವನ ಹೆಸರಿನ ತಳಿಗೆ ಅದೇ ಕ್ಲಬ್ಬಿನ ಮನ್ನಣೆ ಸಿಕ್ಕಿದ್ದು 1990ರಲ್ಲಿ. ಇದನ್ನು ಹೇಳಿದಾಗ ಅಜ್ಜ, "ಶಾಣ್ಯಾ ಮನಶ್ಯಾ" ಎಂದಷ್ಟೇ ಅಂದ.

ಪಾರಿ ಬೆದೆಗೆ ಬಂದಾಗ ಅಪ್ಪ ಸಾಧು ಸ್ವಭಾವದ ಗಂಡುನಾಯಿಯೊಂದನ್ನು ಹುಡುಕಿ ಕೂಡಿಸಿದ. ಅರವತ್ತಮೂರನೆಯ ದಿನ ಐದು ಮರಿಗಳಾದುವು. ಎರಡು ತಿಂಗಳು ತುಂಬಿದ ಮೇಲೆ, ನಾನು ರಜೆಗೆ ಹೋಗಿದ್ದಾಗ, ಬೆಂಗಳೂರಿನಿಂದ ಕೊಳ್ಳುವವರು ಬಂದರು. ನಾಲ್ಕು ಮರಿಗಳು ಓಡಿ ಹೋಗಿ ಅವರ ಕೈ ನೆಕ್ಕಿದುವು. ಐದನೆಯದು ಹೊರಸಿನ ಕೆಳಗೆ ಸೇರಿ ಅಲ್ಲಿಂದಲೇ ದಿಟ್ಟಿಸುತ್ತಿತ್ತು. ಅಂಜಿ ನಡುಗಲಿಲ್ಲ, ಹೊರಗೂ ಬರಲಿಲ್ಲ.

"ಅದಕ್ಕೇನಾದರೂ ಕಾಯಿಲೆಯೇ?" ಎಂದು ಅವರು ಕೇಳಿದರು.

ಅಪ್ಪ ಬಾಯಿ ತೆರೆಯುವುದರೊಳಗೆ ಅಜ್ಜ, "ಅದು ಮಾರಾಕಿಲ್ರಿ" ಎಂದು ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹೊರಸಿನ ಕೆಳಗೆ ನೂಕಿದ. ಅಪ್ಪ ನನ್ನ ಮುಖ ನೋಡಿದ. ಆ ಒಂದು ಮರಿಯ ಬೆಲೆಯೆಂದರೆ ನನ್ನ ಪರೀಕ್ಷೆಯ ಶುಲ್ಕ. ನಾನು ಸುಮ್ಮನಿದ್ದೆ, ಅಪ್ಪನೂ ಸುಮ್ಮನಾದ.

ಅದೀಗ ಮನೆಯಲ್ಲೇ ಇದೆ. ಹಾಲುಹಲ್ಲು ಉದುರತೊಡಗಿವೆಯೆಂದು ಮೊನ್ನೆ ಮನೆಯಿಂದ ಸುದ್ದಿ ಬಂದಿದೆ.